ಬಣ್ಣದ ಮೇಡಂಗೆ ಕಣ್ಣಿನ ಪರೀಕ್ಷೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫ್ಯಾಷನ್ ಡಿಸೈನ್ ಕಾಲೇಜಿನ ಮೇಲಂತಸ್ತಿನ ಕೋಣೆಯಲ್ಲಿ ಒಬ್ಬ ಹೆಂಗಸು ಬಣ್ಣಗಳನ್ನು ಹುಡುಕಿ ಹುಡುಕಿ ಹೊರಗೆ ಹಾಕುತ್ತಿದ್ದಾರೆ. ಕಸ ಗುಡಿಸುವವರು ಮರೆತುಹೋದ ಕೆಂಪು ಬಕೆಟ್ಟು ಕಾರಿಡಾರಿಗೆ ಹೋಗುತ್ತದೆ. ಯಾರೋ ಕಿಟಕಿಗೆ ಸಿಕ್ಕಿಸಿಟ್ಟ ಹಳದಿ ಛತ್ರಿ ಅದರ ಹಿಂದೆಯೇ. ಮೂಲೆಯಲ್ಲಿರುವ ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನು ಮಾತ್ರ ಹೊರಗಿಡುವಂತಿಲ್ಲ. ಅದಕ್ಕೆಂದೇ ಬೂದು ಬಣ್ಣದ ಚೀಲವೊಂದನ್ನು ಹೊಲಿಸಿದ್ದಾರೆ, ಮಗುವಿಗೆ ಅಂಗಿ ತೊಡಿಸುವ ಹಾಗೆ ಮೇಲಿನಿಂದ ತೊಡಿಸುತ್ತಾರೆ. ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ ಇದನ್ನು ಕಂಡು ಹಿಂದೊಮ್ಮೆ ಕೂಗಾಡಿದ್ದರು. ಪಾಠ ನಡೆಯುವಾಗ ಮಾತ್ರ ಅಂಗಿ, ಉಳಿದ ಹೊತ್ತು ಬರಿಮೈ ಎಂದು ಕೊನೆಗೆ ರಾಜಿಯಾಯಿತು.

ಈ ಕೋಣೆಯ ಗೋಡೆ ಬೂದು, ಮೇಜು ಬೂದು, ಗೂಟಕ್ಕೆ ನೇತುಹಾಕಿದ ಏಪ್ರನ್‌ಗಳೆಲ್ಲ ಬೂದು. ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದವರಿಗೆಂದು ಒಂದು ಡಬ್ಬಿಯಲ್ಲಿ ಬೂದು ಕೈಗವಸುಗಳಿವೆ. ಇಲ್ಲಿ ಬಣ್ಣದ ವಿಜ್ಞಾನ ಕಲಿಸುವ ಇವರ ಮೈಮೇಲೂ ಬೂದು ಬಿಟ್ಟು ಬೇರೆ ಬಣ್ಣವಿಲ್ಲ. ಕಾರಣ ಸರಳ. ಕೆಂಪು ಅಂಗಿ ತೊಟ್ಟು ಬಿಳಿ ಬಟ್ಟೆಯ ಮೇಲೆ ಬಗ್ಗಿದರೆ ಬಟ್ಟೆಗೂ ಚೂರು ಕೆಂಪು ಅಂಟಿದಂತೆ ಕಾಣುತ್ತದೆ, ಕಣ್ಣು ಮೋಸಹೋಗುತ್ತದೆ. ಹುಡುಗ ಹುಡುಗಿಯರ ಬಾಯಲ್ಲಿ ಅವರು ‘ಬೂದಿ ಮೇಡಂ’. ಅದು ಅವರ ಕಿವಿಗೂ ಬಿದ್ದಿದೆ, ಬೇಸರವೇನಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಅವರ ಯಜಮಾನರಿಗೆ ಮಾತ್ರ ಒಂದು ದೂರಿದೆ. “ನಮ್ಮನೆ ಬಟ್ಟೆ ಒಣಗಹಾಕೋ ಹಗ್ಗದ ಮೇಲೆ ವರ್ಷವಿಡೀ ಮೋಡ ಕವಿದಿರುತ್ತೆ” ಎನ್ನುತ್ತಾರೆ.

ಇವತ್ತು ಕೋಣೆಯ ನಡುವೆ, ಕಿಟಕಿಯ ಬೆಳಕು ನೆಟ್ಟಗೆ ಬೀಳುವ ಜಾಗದಲ್ಲಿ, ಒಂದು ಮೇಜು ಮತ್ತು ಎದುರುಬದುರಾಗಿ ಎರಡು ಕುರ್ಚಿಗಳಿವೆ. ಮೇಜಿನ ಮೇಲೆ ಉದ್ದನೆಯ ನಾಲ್ಕು ಪೆಟ್ಟಿಗೆಗಳು. ಅವುಗಳೊಳಗೆ ಗುಂಡಿಯಷ್ಟು ಗಾತ್ರದ ಬಣ್ಣದ ಬಿಲ್ಲೆಗಳು. ಒಂದಕ್ಕೂ ಪಕ್ಕದ್ದಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಚೆಲ್ಲಾಪಿಲ್ಲಿಯಾದ ಬಿಲ್ಲೆಗಳನ್ನು ಬಣ್ಣದ ಓಟಕ್ಕೆ ತಕ್ಕಂತೆ ಸಾಲಾಗಿ ಜೋಡಿಸಬೇಕು. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿ ಬೋರಲು ಮಾಡಿದರೆ ಪ್ರತಿ ಬಿಲ್ಲೆಯ ಬೆನ್ನಿಗೂ ಒಂದು ಅಂಕಿ ಕಾಣುತ್ತದೆ. ಅಂಕಿಗಳು ವರಸೆಯಲ್ಲಿದ್ದರೆ ಕಣ್ಣು ಗಟ್ಟಿ. ಹಿಂದುಮುಂದಾಗಿದ್ದರೆ ಯಾವ ಬಣ್ಣದಲ್ಲಿ ಕಣ್ಣು ಎಡವುತ್ತದೆ ಎಂಬುದು ಗೊತ್ತಾಗುತ್ತದೆ. ಕಾಲೇಜಿಗೆ ಸೇರಿದ ಪ್ರತಿಯೊಬ್ಬರೂ ಬೂದಿ ಮೇಡಂ ಮುಂದೆ ಈ ಪರೀಕ್ಷೆಗೆ ಕೂರಲೇಬೇಕು.

ಇವತ್ತು ಕೂರುವವರು ಸ್ವತಃ ಬೂದಿ ಮೇಡಂ. ತೇರ್ಗಡೆಯಾಗದಿದ್ದರೆ ಈ ಕೋಣೆಯ ಬೀಗದ ಕೈ ಕೊಟ್ಟು ಹೋಗುವುದಾಗಿ ಪ್ರಿನ್ಸಿಪಾಲರಿಗೆ ಹೇಳಿದ್ದಾರೆ. ಆದರೆ ಅವರು ಆಗಾಗ ಬಾಗಿಲ ಕಡೆ ನೋಡುತ್ತಿರುವುದು ಅದಕ್ಕಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಅಂಕಿ ಓದಬೇಕಾದವಳು ಬರುತ್ತಾಳೋ ಇಲ್ಲವೋ ಎಂಬುದಕ್ಕೆ. ಎರಡು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ, ಇಡೀ ತರಗತಿಯ ಮುಂದೆ, ನಿನ್ನ ಕಣ್ಣು ಸರಿಯಿಲ್ಲ ಎಂದು ಹೇಳಿ ಅವರು ಫೇಲ್ ಮಾಡಿದ ವಿದ್ಯಾರ್ಥಿನಿ ಅವಳು. ಸರಿಯಿಲ್ಲದೆ ಇದ್ದದ್ದು ಅವಳ ಕಣ್ಣಲ್ಲ.

ಬೂದಿ ಮೇಡಂ ಬಣ್ಣದ ಲೋಕಕ್ಕೆ ಬಂದದ್ದು ಬಾಟಲಿ ತೊಳೆಯುವುದಕ್ಕೆ. ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದರ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಹುಡುಗಿಯಾಗಿ ಸೇರಿದರು. ಬಣ್ಣದ ನೀರು ತುಂಬಿದ ಬಾಟಲಿಗಳನ್ನು ಒರೆಸಿ ಕಪಾಟಿಗೆ ಇಡುವಾಗ ಯಾರೂ ಹೇಳದೆಯೇ ತಿಳಿಯಿಂದ ಗಾಢಕ್ಕೆ, ಹಳದಿಯಿಂದ ಕೆಂಪಿಗೆ ಸಾಲು ಹಿಡಿಸಿ ಇಡುತ್ತಿದ್ದರಂತೆ. ಶೇಡ್ ಹೊಂದಿಸುವ ಹಿರಿಯ ಮಾಸ್ತರರ ಕಣ್ಣಿಗೆ ಅದು ಬಿತ್ತು. ಅವರು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಹಗಲು ಗಿರಣಿ, ಸಂಜೆ ಕಾಲೇಜು ಎಂದು ಡಿಪ್ಲೊಮಾ ಮುಗಿಸಿಕೊಂಡರು. ಗಿರಣಿ ಬಾಗಿಲು ಹಾಕಿದ ಮೇಲೆ ಈ ಕಾಲೇಜಿಗೆ ಲ್ಯಾಬ್ ಸಹಾಯಕಿಯಾಗಿ ಬಂದರು. ಪಾಠ ಹೇಳಬೇಕಿದ್ದವರು ಅರ್ಧಕ್ಕೇ ಬಿಟ್ಟುಹೋದ ಒಂದು ವರ್ಷ ಪಾಠವನ್ನೂ ಹೇಳಿದರು. ಆವತ್ತಿನಿಂದ ಇವತ್ತಿನವರೆಗೂ ಅವರ ಹುದ್ದೆ ತಾತ್ಕಾಲಿಕ.

ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಫ್ಯಾಷನ್ ಶೋ ನಡೆಯುತ್ತದೆ. ಕೊನೆಯಲ್ಲಿ ವೇದಿಕೆಗೆ ಕರೆಸಿಕೊಂಡು ಹೂಗುಚ್ಛ ಕೊಡುವವರ ಸಾಲಿನಲ್ಲಿ ಮೇಕಪ್ಪಿನವರಿದ್ದಾರೆ, ಸಂಗೀತ ಹಾಕಿದವರಿದ್ದಾರೆ. ಬೂದಿ ಮೇಡಂ ಇರುವುದಿಲ್ಲ. ಆ ಹೊತ್ತಿಗೆ ಅವರು ಪರದೆಯ ಹಿಂದೆ ದೀಪದವನ ಜೊತೆ ಜಗಳಕ್ಕೆ ನಿಂತಿರುತ್ತಾರೆ. ಅವನ ಹಳದಿ ದೀಪಕ್ಕೆ ಮಕ್ಕಳ ನೀಲಿಯೆಲ್ಲ ಸತ್ತುಹೋಗುತ್ತಿದೆ ಎಂಬುದು ಪ್ರತಿ ವರ್ಷದ ಜಗಳ.

ಅವರು ಕಲಿಸುವುದಾದರೂ ಏನನ್ನು? ನಾವೆಲ್ಲ ಒಂದಲ್ಲ ಒಂದು ಸಲ ಈ ಪೇಚಿಗೆ ಸಿಕ್ಕಿದ್ದೇವೆ. ಅಂಗಡಿಯಲ್ಲಿ ಅಂಗಿಗೂ ಪ್ಯಾಂಟಿಗೂ ಹೇಳಿ ಮಾಡಿಸಿದ ಜೋಡಿ ಎಂದು ಕೊಂಡು, ಮನೆ ಮುಂದಿನ ಬಿಸಿಲಿಗೆ ಹಿಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಅಂಗಡಿಯವನಿಗೆ ಬಾಯಿಗೆ ಬಂದಂತೆ ಬಯ್ಯುತ್ತೇವೆ. ಪಾಪ, ಅವನ ತಪ್ಪಿಲ್ಲ. ಎರಡು ಬಟ್ಟೆಗಳನ್ನು ಬೇರೆ ಬೇರೆ ಬಣ್ಣದ ಪುಡಿಗಳಲ್ಲಿ ಅದ್ದಿದ್ದರೆ ಒಂದು ದೀಪದಡಿ ಅವಳಿಗಳಂತೆ ಕಾಣುತ್ತವೆ, ಇನ್ನೊಂದರಡಿ ಅಪರಿಚಿತರಂತಾಗುತ್ತವೆ. ದೀಪ ಬದಲಾದರೆ ಹೇಗೋ ನೋಡುವ ಕಣ್ಣು ಬದಲಾದರೂ ಹಾಗೆಯೇ. ನನ್ನ ಕಣ್ಣಿಗೆ ಹೊಂದಿದ್ದು ನಿಮ್ಮ ಕಣ್ಣಿಗೆ ಹೊಂದದೆ ಇರಬಹುದು. ಇದನ್ನು ಬೂದಿ ಮೇಡಂ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಬಟ್ಟೆ ನೋಡುವ ಮುಂಚೆ ಎದುರಿನ ಬೂದು ಹಲಗೆಯನ್ನು ಸುಮ್ಮನೆ ದಿಟ್ಟಿಸಿ ಕೂರಬೇಕು, ಹಿಂದೆ ಕಂಡ ಬಣ್ಣವೆಲ್ಲ ಇಳಿದುಹೋಗಬೇಕು. ಅದಕ್ಕೆ ಅವರು ಇಟ್ಟ ಹೆಸರು ‘ಕಣ್ಣು ಮುಕ್ಕಳಿಸುವುದು’. ಅವರ ಕೈಕೆಳಗೆ ಕಲಿತು ಎಲ್ಲೆಲ್ಲೋ ಕೆಲಸಕ್ಕೆ ಹೋದವರು ಈಗಲೂ ಆ ಮಾತನ್ನೇ ಬಳಸುತ್ತಾರೆ.

ಇಷ್ಟೆಲ್ಲ ಬಲ್ಲವರು ಒಂದನ್ನು ಮರೆತರು. ಮೊದಮೊದಲು ಪ್ರತಿ ವರ್ಷ ಮಕ್ಕಳಿಗಿಂತ ಮುಂಚೆ ತಾವು ಬಿಲ್ಲೆ ಜೋಡಿಸಿ ತೋರಿಸುತ್ತಿದ್ದರು. ಯಾವತ್ತೂ ಒಂದೂ ತಪ್ಪಿದ್ದಿಲ್ಲ. ತಪ್ಪದೆ ಇದ್ದದ್ದರಿಂದಲೇ ಒಂದು ವರ್ಷ ಹೊತ್ತಾಯಿತೆಂದು ಬಿಟ್ಟರು, ಮರುವರ್ಷವೂ ಬಿಟ್ಟರು, ಕೊನೆಗೆ ಬಿಟ್ಟದ್ದೇ ಪದ್ಧತಿಯಾಯಿತು. ಅದೇ ಕಾಲಕ್ಕೆ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು. ಪೊರೆ ಎಂದರೆ ಮಂಜು ಕವಿದಂತೆ ಕಾಣುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಅದಕ್ಕೂ ಮುಂಚೆ ಕಣ್ಣಿನೊಳಗಿನ ಗಾಜು ಸದ್ದಿಲ್ಲದೆ ಹಳದಿಗೆ ತಿರುಗುತ್ತದೆ. ಹಳದಿ ಗಾಜು ಮೊದಲು ನುಂಗುವುದು ನೀಲಿ ಮತ್ತು ಊದಾ ಬಣ್ಣಗಳನ್ನು. ದಿನವೂ ಇಷ್ಟಿಷ್ಟೇ ನುಂಗಿದರೆ ಕಳೆದುಕೊಂಡವರಿಗೆ ಗೊತ್ತಾಗುವುದಾದರೂ ಹೇಗೆ?

ಆ ವಿದ್ಯಾರ್ಥಿನಿಯ ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿತ್ತು. ಹಾಗಾಗಿ ಗೆಳತಿಯರು ಅವಳನ್ನು ‘ಟೇಪು’ ಎಂದೇ ಕರೆಯುತ್ತಿದ್ದರು. ಅಂತಿಮ ಪರೀಕ್ಷೆಗೆ ಬೂದಿ ಮೇಡಂ ಕೊಟ್ಟದ್ದು ಗಿರಣಿಯ ಕಾಲದ ಒಂದು ಬಟ್ಟೆ, ಊದಾ ಬೆರೆತ ಗಾಢ ನೀಲಿ. ಲ್ಯಾಬಿನಲ್ಲಿರುವ ಬೇರೆ ಪುಡಿಗಳನ್ನು ಬೆರೆಸಿ ಅದೇ ನೀಲಿಯನ್ನು ಹೊಸ ಬಟ್ಟೆಯ ಮೇಲೆ ತರಬೇಕು. ಟೇಪು ಅದ್ದಿದಳು, ಒಣಗಿಸಿದಳು, ಮತ್ತೆ ಅದ್ದಿದಳು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಂದಿದೆ ಎಂದಳು. ಮೇಡಂ ಕಣ್ಣಿಗೆ ಅವಳ ಬಟ್ಟೆಯಲ್ಲಿ ಕೆಂಪು ಹೊಡೆಯುತ್ತಿತ್ತು. ಇಲ್ಲ ಮೇಡಂ, ಸರಿಯಾಗಿದೆ ಎಂದು ಹುಡುಗಿ ಮತ್ತೆ ಮತ್ತೆ ಹೇಳಿದಳು. ಬಣ್ಣ ಅಳೆಯುವ ಯಂತ್ರ ಆಗ ಕೆಟ್ಟು ಕೂತಿತ್ತು. ವಾದ ಬೆಳೆದಾಗ ಮೇಡಂ ಬಾಯಿಂದ ‘ನಿನ್ನ ಕಣ್ಣು ಸರಿಯಿಲ್ಲ’ ಎಂಬ ಮಾತು ಬಂದುಬಿಟ್ಟಿತು.

“ಅವಳು ಮೊದಲ ವರ್ಷ ಬಿಲ್ಲೆ ಪರೀಕ್ಷೆಯಲ್ಲಿ ಒಂದೂ ತಪ್ಪು ಮಾಡಿರಲಿಲ್ಲ. ಅದು ನನಗೆ ನೆನಪಿತ್ತು. ನೆನಪಿದ್ದೂ ನನ್ನ ಕಣ್ಣನ್ನೇ ನಂಬಿದೆ” ಎನ್ನುತ್ತಾರೆ ಬೂದಿ ಮೇಡಂ. ಹೇಳುವಾಗ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಚುತ್ತಾರೆ.

ಓದುವಾಗ ಅಕ್ಷರ ಮಸುಕಾಗುತ್ತಿದೆ ಎಂದು ಈ ವರ್ಷ ರಜೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿದರು. “ಪಟ್ಟಿ ಬಿಚ್ಚಿದಾಗ ಆಸ್ಪತ್ರೆ ಗೋಡೆ ನೋಡಿ, ಇದೇನು ನೀಲಿ ಬಳಿದಿದ್ದೀರಲ್ಲ ಅಂದೆ. ನರ್ಸಮ್ಮ ನಕ್ಕಳು. ಬಿಳಿ ಗೋಡೆ ಅದು. ಎಡಗಣ್ಣಲ್ಲಿ ನೋಡಿದ್ರೆ ಟೀ ಚೆಲ್ಲಿ ಒರೆಸಿದ ಹಾಗಿತ್ತು. ನನಗೆ ಅಲ್ಲೇ ಆ ಹುಡುಗಿಯ ನೀಲಿ ಬಟ್ಟೆ ನೆನಪಾಯ್ತು.”

ಬೇರೆಯವರಾಗಿದ್ದರೆ ಲೋಕ ಹೊಸದಾಗಿ ಕಂಡಿತೆಂದು ಹಿಗ್ಗುತ್ತಿದ್ದರು. ಇವರು ಆಸ್ಪತ್ರೆಯಿಂದ ಮನೆಗೂ ಹೋಗದೆ ನೇರ ಕಾಲೇಜಿಗೆ ಬಂದರು. ಯಜಮಾನರು ಗೊಣಗುತ್ತಲೇ ಜೊತೆಗೆ ಮೆಟ್ಟಿಲು ಹತ್ತಿದರು. ಕಪಾಟಿನ ಕೆಳಗಿನ ಡ್ರಾಯರಿನಲ್ಲಿ ಆ ಎರಡು ಬಟ್ಟೆಗಳು ಒಟ್ಟಿಗೇ ಇದ್ದವು. ಕಿಟಕಿಗೆ ಹಿಡಿದರು. ಬಲಗಣ್ಣಿಗೆ ಎರಡೂ ಒಂದೇ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಹುಡುಗಿಯ ಬಟ್ಟೆಯಲ್ಲಿ ಅದೇ ಕೆಂಪು. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆಯುತ್ತ ಅವರು ಬಹಳ ಹೊತ್ತು ಅಲ್ಲೇ ನಿಂತಿದ್ದರು ಎಂದು ಯಜಮಾನರು ಹೇಳುತ್ತಾರೆ. ರಿಪೇರಿಯಾಗಿದ್ದ ಯಂತ್ರಕ್ಕೆ ಹಾಕಿದರು. ಅದೂ ಹುಡುಗಿಯ ಪರವಾಗಿಯೇ ಹೇಳಿತು. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತರು. ಹೊಸ ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದಾರೆ ಕಣೇ ಎಂದು ಯಜಮಾನರು ಗದರಿದ್ದೂ ನಾಟಲಿಲ್ಲ.

ಪ್ರಿನ್ಸಿಪಾಲರು ಒಳ್ಳೆಯವರು. ಮುಗಿದ ವಿಷಯವನ್ನು ಯಾಕೆ ಕೆದಕುತ್ತೀರಿ, ಯಾರೂ ಕೇಳುತ್ತಿಲ್ಲವಲ್ಲ ಎಂದರು. ಮೇಡಂ ಪಟ್ಟು ಬಿಡಲಿಲ್ಲ. ಸಭೆ ಸೇರಿ ಅಂಕ ತಿದ್ದಿದ್ದಾಯಿತು. ಇನ್ನು ಮುಂದೆ ಯಂತ್ರದ ಸಾಕ್ಷಿ ಇಲ್ಲದೆ ಯಾರೂ ನೀಲಿಗೆ ಅಂಕ ಹಾಕಬಾರದು ಎಂಬ ನಿಯಮವನ್ನೂ ಅವರೇ ಕೇಳಿ ಮಾಡಿಸಿಕೊಂಡರು. ಫೋನ್ ಮಾಡಿ ವಿಷಯ ತಿಳಿಸಿದಾಗ ಹುಡುಗಿ ‘ಆಗಲಿ ಮೇಡಂ’ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅಂಕ ಹಿಂದಿರುಗಿಸಿದ ಸಮಾಧಾನ ಮೇಡಂಗೆ ಆಗಲಿಲ್ಲ. ಅವಳು ಕೆಲಸ ಮಾಡುವ ಸಿದ್ಧ ಉಡುಪಿನ ಕಾರ್ಖಾನೆಯ ಗೇಟಿನ ಬಳಿ, ಪಾಳಿ ಬಿಡುವ ಹೊತ್ತಿಗೆ ಹೋಗಿ ನಿಂತರು.

ಟೇಪು ಅಲ್ಲಿ ತಯಾರಾದ ಉಡುಪುಗಳ ಅಳತೆ ತಪಾಸಣೆ ಮಾಡುತ್ತಾಳೆ. ತೋಳು ಇಷ್ಟು, ಎದೆ ಇಷ್ಟು, ಸರಿ ಅಥವಾ ತಪ್ಪು. ಬಣ್ಣದ ಗೊಡವೆಯೇ ಇಲ್ಲದ ವಿಭಾಗವನ್ನು ಅವಳೇ ಕೇಳಿ ಪಡೆದಿದ್ದಳು. ಗೇಟಿನ ಬಳಿ ಮೇಡಂ ತಪ್ಪೊಪ್ಪಿಕೊಂಡದ್ದನ್ನು ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಆಮೇಲೆ ಹೇಳಿದ ಮಾತನ್ನು ಬೂದಿ ಮೇಡಂ ಒಂದಕ್ಷರ ಬಿಡದೆ ಹೇಳುತ್ತಾರೆ.

“ಅಂಕ ವಾಪಸ್ ಬಂತು ಮೇಡಂ, ಸರಿ. ಆದ್ರೆ ನನಗೊಂದು ಅಂಗಿ ತಗೊಳ್ಳೋಕೂ ತಂಗೀನ ಕರ್ಕೊಂಡು ಹೋಗ್ತೀನಿ. ಇದು ಯಾವ ಬಣ್ಣ ಹೇಳೇ ಅಂತ ಅವಳನ್ನ ಕೇಳ್ತೀನಿ. ನೀವು ಅಷ್ಟು ಜನರ ಮುಂದೆ ಹೇಳಿದ ಮೇಲೆ ನನ್ನ ಕಣ್ಣನ್ನ ನಾನೇ ನಂಬೋದು ಬಿಟ್ಟೆ. ಅದನ್ನ ಹೇಗೆ ವಾಪಸ್ ಕೊಡ್ತೀರಿ?”

ಎಲ್ಲರ ಮುಂದೆ ಆದದ್ದು ಎಲ್ಲರ ಮುಂದೆಯೇ ಸರಿಹೋಗಬೇಕು ಎಂದಷ್ಟೇ ಮೇಡಂಗೆ ಹೊಳೆಯಿತು. ತಾನು ಪರೀಕ್ಷೆಗೆ ಕೂರುತ್ತೇನೆ, ನೀನು ಬಂದು ಅಂಕಿ ಓದು ಎಂದು ಕೇಳಿಕೊಂಡರು. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಬಸ್ಸು ಬಂತು, ಹತ್ತಿ ಹೋದಳು.

ಈಗ ಕೋಣೆಯಲ್ಲಿ ಹೊಸಬರು, ಎರಡನೇ ವರ್ಷದವರು ಎಲ್ಲರೂ ಬೂದು ಏಪ್ರನ್ ತೊಟ್ಟು ಗೋಡೆಗೆ ಒರಗಿ ನಿಂತಿದ್ದಾರೆ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಳ್ಳುತ್ತಾರೆ. ಬೇಕಾದರೆ ತಾನೇ ಅಂಕಿ ಓದುತ್ತೇನೆ ಎನ್ನುತ್ತಾರೆ. ಇನ್ನೂ ಸ್ವಲ್ಪ ಕಾಯೋಣ ಎಂದು ಮೇಡಂ ಬೂದು ಹಲಗೆಯ ಕಡೆ ತಿರುಗಿ ಕೂರುತ್ತಾರೆ. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದಾದಾಗಲೆಲ್ಲ ಅವರ ಬೆನ್ನು ನೆಟ್ಟಗಾಗುತ್ತದೆ. ಕಸ ಗುಡಿಸುವವರು, ಕ್ಯಾಂಟೀನಿನವರು, ತಡವಾಗಿ ಬಂದ ವಿದ್ಯಾರ್ಥಿ. ಕೊನೆಗೆ ಅವಳು ಬರುತ್ತಾಳೆ. ಕಾರ್ಖಾನೆಯ ಅಂಗಿಯಲ್ಲೇ ಇದ್ದಾಳೆ, ಅರ್ಧ ದಿನ ರಜೆ ಕೇಳಿ ಬಂದಿದ್ದಾಳೆ. ಯಾರಿಗೂ ನಮಸ್ಕಾರ ಹೇಳುವುದಿಲ್ಲ. ಗೂಟದಿಂದ ಏಪ್ರನ್ ತೆಗೆದು ತೊಟ್ಟು, ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ.

ಎಡಗಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಕೊಂಡು ಮೇಡಂ ಬಲಗಣ್ಣಲ್ಲಿ ಜೋಡಿಸುತ್ತಾರೆ. ಬೆರಳುಗಳಿಗೆ ಹಳೆಯ ಅಭ್ಯಾಸ, ಚುರುಕಾಗಿ ಓಡುತ್ತವೆ. ಟೇಪು ಪೆಟ್ಟಿಗೆಗಳನ್ನು ಬೋರಲು ಮಾಡಿ ಅಂಕಿ ಓದುತ್ತಾಳೆ. ಹಸಿರಿನ ಕಡೆ ಒಂದೆರಡು ಅದಲುಬದಲಾಗಿವೆ, ಉಳಿದದ್ದೆಲ್ಲ ನೆಟ್ಟಗಿದೆ. ತೇರ್ಗಡೆ. ಯಾರೋ ಚಪ್ಪಾಳೆ ತಟ್ಟಲು ಹೊರಟಾಗ ಮೇಡಂ ಕೈಯೆತ್ತಿ ತಡೆಯುತ್ತಾರೆ. ಪಟ್ಟಿಯನ್ನು ಬಲಗಣ್ಣಿಗೆ ಕಟ್ಟಿಕೊಂಡು, ಪೊರೆಯಿರುವ ಎಡಗಣ್ಣಲ್ಲಿ ಅದೇ ಬಿಲ್ಲೆಗಳನ್ನು ಮತ್ತೆ ಜೋಡಿಸಲು ಕೂರುತ್ತಾರೆ. ಇದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬೆರಳುಗಳು ಈಗ ತಡವರಿಸುತ್ತವೆ. ನೀಲಿಯ ಪೆಟ್ಟಿಗೆಯಲ್ಲಿ ಒಂದೇ ಬಿಲ್ಲೆಯನ್ನು ಎತ್ತುತ್ತಾರೆ, ಇಡುತ್ತಾರೆ, ಮತ್ತೆ ಎತ್ತುತ್ತಾರೆ. ಟೇಪು ಓದಲು ಶುರುಮಾಡಿದಾಗ ಹೊಸಬರಿಗೂ ಅರ್ಥವಾಗುತ್ತದೆ, ಒಂದು ಅಂಕಿಗೂ ಇನ್ನೊಂದಕ್ಕೂ ತಾಳಮೇಳವೇ ಇಲ್ಲ. ಅರ್ಧಕ್ಕೆ ಅವಳ ದನಿ ಸಣ್ಣದಾಗುತ್ತದೆ.

“ನಿಲ್ಲಿಸಬೇಡ, ಜೋರಾಗಿ ಓದು” ಎನ್ನುತ್ತಾರೆ ಮೇಡಂ.

ಅವಳು ಕೊನೆಯ ಅಂಕಿಯವರೆಗೂ ಓದುತ್ತಾಳೆ. ಮೇಡಂ ಎದ್ದು ನಿಂತು ವಿದ್ಯಾರ್ಥಿಗಳ ಕಡೆ ತಿರುಗುತ್ತಾರೆ. “ಈಗ ಕೇಳಿದಿರಲ್ಲ, ಈ ಕಣ್ಣಿಟ್ಕೊಂಡು ನಾನು ಇವಳ ಕಣ್ಣಿಗೆ ದೋಷ ಇದೆ ಅಂದಿದ್ದೆ. ಆವತ್ತು ಈ ರೂಮಲ್ಲಿ ನೀಲಿ ಸರಿಯಾಗಿ ಕಾಣ್ತಿದ್ದದ್ದು ಇವಳಿಗೆ. ಇವಳನ್ನೇ ಫೇಲ್ ಮಾಡಿ ಹೊರಗೆ ಕಳಿಸಿದೆ.” ಎಡಗಣ್ಣಿಗೂ ಆಪರೇಷನ್ ಆಗುವವರೆಗೆ, ಆದ ಮೇಲೂ, ಪ್ರತಿ ವರ್ಷ ಎಲ್ಲರಿಗಿಂತ ಮೊದಲು ತಾನೇ ಕೂರುತ್ತೇನೆ, ತಪ್ಪಿಸಿದರೆ ಕೇಳುವ ಹಕ್ಕು ನಿಮಗಿದೆ ಎಂದೂ ಹೇಳುತ್ತಾರೆ. ಟೇಪು ಬಿಲ್ಲೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಳೆ, ತಲೆ ಎತ್ತುವುದಿಲ್ಲ. ಅವಳ ಮುಖ ನೋಡಿದರೆ ಕ್ಷಮಿಸಿದ್ದಾಳೆ ಎಂದು ಹೇಳಲಾಗದು.

ಜನ ಚದುರುವ ಹೊತ್ತಿಗೆ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಮಾಡಿದ ಕೆಲಸ ಹಿಡಿದು ಮೇಡಂ ಮುಂದೆ ನಿಲ್ಲುತ್ತಾನೆ. ಮಾದರಿಯ ಬಟ್ಟೆ ಒಂದು, ತಾನು ಅದ್ದಿದ್ದು ಇನ್ನೊಂದು. ಎರಡೂ ನೀಲಿ. ಮೇಡಂ ಕೈಗೆ ತೆಗೆದುಕೊಂಡವರು ಕಿಟಕಿಯ ಕಡೆ ಹೋಗುವುದಿಲ್ಲ. ಏಪ್ರನ್ ಬಿಚ್ಚುತ್ತಿದ್ದ ಟೇಪುವಿನ ಮುಂದೆ ಚಾಚುತ್ತಾರೆ. ಅವಳು ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಯಂತ್ರ ಸರಿಯಾಗಿದೆಯಲ್ಲ, ಅದಕ್ಕೇ ಹಾಕಿ ನೋಡಿ ಎನ್ನುತ್ತಾಳೆ.

“ಅದಕ್ಕೆ ಆಮೇಲೆ ಹಾಕೋಣ ಕಣಮ್ಮ. ನಿನಗೆ ಹೇಗೆ ಕಾಣ್ತಿದೆ, ಅದನ್ನ ಹೇಳು.”

ಬಿಚ್ಚುತ್ತಿದ್ದ ಏಪ್ರನ್ನನ್ನು ಟೇಪು ಮತ್ತೆ ಕಟ್ಟಿಕೊಳ್ಳುತ್ತಾಳೆ. ಆಮೇಲೆ ಬೂದು ಹಲಗೆಯ ಕಡೆ ತಿರುಗಿ ನಿಂತು ಕಣ್ಣು ಮುಕ್ಕಳಿಸುತ್ತಾಳೆ. ಬಟ್ಟೆಗಳನ್ನು ತೆಗೆದುಕೊಂಡು ಕಿಟಕಿಯ ಬಳಿ ಹೋಗುತ್ತಾಳೆ. ಪಕ್ಕಪಕ್ಕ ಇಡುತ್ತಾಳೆ, ಅದಲುಬದಲು ಮಾಡುತ್ತಾಳೆ, ತುದಿ ಮಡಚಿ ಒಂದರ ಮೇಲೊಂದು ಇಟ್ಟು ನೋಡುತ್ತಾಳೆ. ಬೂದಿ ಮೇಡಂ ಇದ್ದಲ್ಲೇ ನಿಂತಿದ್ದಾರೆ.

“ಇದು ಹೊಂದಿಲ್ಲ ಮೇಡಂ. ಹಸಿರು ಸ್ವಲ್ಪ ಜಾಸ್ತಿ ಆಗಿದೆ” ಎನ್ನುತ್ತಾಳೆ ಅವಳು.

ಬಟ್ಟೆಗಳನ್ನು ಮೇಡಂ ಕಡೆ ಚಾಚುತ್ತಾಳೆ. ಅವರು ಅವುಗಳನ್ನು ತಿರುಗಿಸಿ ಕೂಡ ನೋಡದೆ ವಿದ್ಯಾರ್ಥಿಯ ಕೈಗಿಡುತ್ತಾರೆ.

“ಕೇಳಿಸ್ತಲ್ಲ? ಹಸಿರು ಕಡಿಮೆ ಮಾಡ್ಕೊಂಡು ಬಾ. ತಂದು ಇವರಿಗೇ ತೋರಿಸು.”